ಚಿಲಕವಿಲ್ಲದ ಬಾಗಿಲು

ಬೆಳಿಗ್ಗೆಯಿಂದ ಮನೆ ತುಂಬ ತೇಗದ ಹೊಟ್ಟಿನ ವಾಸನೆ. ನನ್ನ ಓದುವ ಕೋಣೆಗೆ ಬಡಗಿ ಹಳೆಯ ಬಾಗಿಲೊಂದನ್ನು ಕೂರಿಸುತ್ತಿದ್ದಾನೆ. ಅಂಚು ಹೆರೆಯುತ್ತ ಹೆರೆಯುತ್ತ ಥಟ್ಟನೆ ನಿಲ್ಲಿಸಿ, “ಅಮ್ಮಾ, ಅಂದರ್ ಸೇ ಕುಂಡೀಚ್ ನಹೀಂ ಹೈ. ಲಗಾದೂಂ ಕ್ಯಾ?” ಎಂದ. ಒಳಗಿನಿಂದ ಚಿಲಕವೇ ಇಲ್ಲ, ಹಾಕಿಬಿಡಲೇ ಎಂದು ಅವನ ಪ್ರಶ್ನೆ. ತಡಿ, ಒಬ್ಬರನ್ನು ಕೇಳಿ ಹೇಳುತ್ತೇನೆ ಎಂದೆ. ಸ್ವಂತ ಮನೆಯ ಬಾಗಿಲಿಗೆ ಚಿಲಕ ಹಾಕಿಸಲು ಇನ್ನೊಬ್ಬರ ಅಪ್ಪಣೆ ಕೇಳುವವಳನ್ನು ಅವನು ಇದೇ ಮೊದಲು ಕಂಡಿರಬೇಕು. ಅವನಿಗೆ ಹೇಳದ ಕಾರಣವನ್ನು ನಿಮಗೆ ಹೇಳುತ್ತೇನೆ.

ಹೈಟೆಕ್ ಸಿಟಿಯ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಮೈಸೂರಿನಿಂದ ಬಂದು ಅಂಥದೊಂದು ಕಟ್ಟಡದಲ್ಲಿ ಕೆಲಸಕ್ಕೆ ಸೇರಿದ್ದೆ. ಜೊತೆಯವರೆಲ್ಲ ಆಫೀಸಿನ ಪಕ್ಕದಲ್ಲೇ ಫ್ಲಾಟು ಹಿಡಿದರೆ, ನಾನು ಜಾಣೆ, ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ನೇತಾಡುವಷ್ಟು ದೂರದ ಕಾಚಿಗುಡದಲ್ಲಿ ಗೋದಕ್ಕ ಎಂಬವರ ಮನೆಗೆ ಬಾಡಿಗೆಗೆ ಸೇರಿದೆ. ಅಲ್ಲಿ ಕನ್ನಡ ಮಾತಾಡುತ್ತಾರೆಂದು ಯಾರೋ ಹೇಳಿದ್ದರು. ಹೋದ ದಿನ ಗೋದಕ್ಕ ಆಡಿದ ಕನ್ನಡದಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ನನ್ನ ಕನ್ನಡ ಅವರಿಗೆ ರೇಡಿಯೋ ವಾರ್ತೆ ಕೇಳಿದ ಹಾಗಿತ್ತಂತೆ.

ನಿಜಾಮರ ಕಾಲದಲ್ಲಿ ಕಲಬುರಗಿ ಕಡೆಯಿಂದ ಕಚೇರಿ ಕೆಲಸಕ್ಕೆ ಬಂದ ಅವರ ಮಾವ ಕಟ್ಟಿಸಿದ ಮನೆ. ನಡುವೆ ಅಂಗಳ, ಸುತ್ತ ಆರು ಕೋಣೆ. ಕೋಣೆಗೆ ಅವರು ಖೋಲಿ ಎನ್ನುತ್ತಿದ್ದರು. ಒಂದರಲ್ಲಿ ಗೋದಕ್ಕ, ಇನ್ನೊಂದರಲ್ಲಿ ಮಗ, ಸೊಸೆ, ಮೊಮ್ಮಗ, ಉಳಿದವು ಬಾಡಿಗೆಗೆ. ಪ್ರತಿ ಖೋಲಿಗೂ ಒಂದು ಹೆಸರು, ಆದರೆ ಇರುವವರದ್ದಲ್ಲ, ಹಿಂದೆ ಇದ್ದು ಹೋದವರದ್ದು. ಗಾರೆ ಕೆಲಸದ ಬೀದರಿನ ಗೌಂಡಿಯ ಸಂಸಾರ ಇದ್ದದ್ದು ಕಂಪೌಂಡರ್ ಖೋಲಿಯಲ್ಲಿ. ಮಗ ಸೊಸೆ ಮಲಗುತ್ತಿದ್ದದ್ದು ನರ್ಸಮ್ಮನ ಖೋಲಿಯಲ್ಲಿ. ನನ್ನದು ಮಾಸ್ತರ್ ಖೋಲಿ. ಅಲ್ಲಿ ಹಿಂದೆ ಧಾರವಾಡ ಕಡೆಯ ಮಾಸ್ತರರೊಬ್ಬರು ಮಗಳನ್ನಿಟ್ಟುಕೊಂಡು ಹಾರ್ಮೋನಿಯಂ ಕಲಿಸುತ್ತಿದ್ದರು. ನಾಲ್ಕು ವರ್ಷ ಬಾಡಿಗೆ ಕೊಟ್ಟರೂ ಪೋಸ್ಟ್‌ಮ್ಯಾನ್ ಕೂಡ ನನ್ನನ್ನು “ಮಾಸ್ಟರ್ ರೂಮ್ ಮೇಡಂ” ಎಂದೇ ಕರೆಯುತ್ತಿದ್ದ. ನನಗೆ ಒಳಗೊಳಗೇ ಹೊಟ್ಟೆಯುರಿ. ಒಂದು ದಿನ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

“ಇದ್ದವರ ಹೆಸರು ಇಡಂಗಿಲ್ಲವಾ,” ಎಂದರು ಗೋದಕ್ಕ, ಅಕ್ಕಿ ಆರಿಸುತ್ತ. “ಮೊದಲ ನೀ ಹೋಗು. ಆಮ್ಯಾಲೆ ನೆನಪಾದ್ರ ನೋಡೋಣು.”

ನಾನು ಹೋಗುವ ಮೊದಲು ಮನೆಯೇ ಹೊರಟಿತು. ಅವರ ಮಗ ಬಿಲ್ಡರ್ ಒಬ್ಬನ ಜೊತೆ ಮಾತು ಮುಗಿಸಿದ. ಮನೆ ಕೆಡವಿ ಅಪಾರ್ಟ್‌ಮೆಂಟು, ಅದರಲ್ಲಿ ಇವರಿಗೆ ಎರಡು ಫ್ಲಾಟು. ನಾನು ಕ್ಯಾಮೆರಾ ಹಿಡಿದು ಕಂಬ, ಕಿಟಕಿ, ಒಲೆ ಎಲ್ಲದರ ಫೋಟೋ ತೆಗೆದು, ಮೂಗು ಒರೆಸಿಕೊಳ್ಳುತ್ತ ಅಂಗಳದಲ್ಲಿ ಕುಳಿತೆ.

“ನೀ ಯಾಕ ಅಳಾಕತ್ತೀ?” ಎಂದರು ಗೋದಕ್ಕ. “ಮೂವತ್ತು ಮಳಿಗಾಲ ಸೋರೋ ಮಾಳಿಗಿ ಕೆಳಗ ಬಕೀಟ ಇಟ್ಟಾಕಿ ನಾನು. ಲಿಫ್ಟ್ ಬರ್ತೈತಿ, ಕುಂದ್ರೋ ಪಾಯಖಾನಿ ಬರ್ತೈತಿ. ನನ್ನ ಮೊಣಕಾಲಿಗೆ ಭಾಳ ಸುಖ.” ಆಮೇಲೆ ಅಂಗಳದ ಸುತ್ತಲ ಬಾಗಿಲುಗಳತ್ತ ಕಣ್ಣು ಹಾಯಿಸಿದರು. “ಒಂದ ಚಿಂತಿ. ಫ್ಲಾಟಿಗೆ ನಂಬರ್ ಹಾಕ್ತಾರಂತ. ಇಲ್ಲಿ ಯಾರ್ಯಾರು ಬಾಳೇ ಮಾಡಿದ್ರು ಅಂತ ನಂಬರ್ ಹೇಳ್ತೈತೇನು?”

ಅದಕ್ಕೇ ಅವರು ಬಿಲ್ಡರನಿಗೆ ಒಂದು ಷರತ್ತು ಹಾಕಿದ್ದರು. ತೇಗದ ಬಾಗಿಲುಗಳನ್ನು ಅವನು ಮಾರುವಂತಿಲ್ಲ. ಯಾವ ಖೋಲಿಗೆ ಯಾರ ಹೆಸರೋ ಆ ಬಾಗಿಲು ಅವರ ಮನೆಗೇ ಹೋಗಬೇಕು. ಹೆಸರು ಹಾಗಾದರೂ ಉಳಿಯಲಿ ಎಂದು. ಕೆಡವಲು ಇದ್ದದ್ದು ಎರಡು ವಾರ. ಕಂಪೌಂಡರ್ ಮಕ್ಕಳು, ನರ್ಸಮ್ಮನ ತಂಗಿ ಬೇಗ ಸಿಕ್ಕರು. ಮಾಸ್ತರರ ಮಗಳು ಮಾಲತಿ ಎಲ್ಲಿದ್ದಾರೆಂದು ಮಾತ್ರ ತಿಳಿಯಲಿಲ್ಲ. ನನ್ನ ಖೋಲಿಯ ಬಾಗಿಲಲ್ಲವೇ, ಹುಡುಕುವ ಹೊಣೆ ಹೊತ್ತೆ. ಹತ್ತು ದಿನ ಆಫೀಸಿನ ಇಂಟರ್ನೆಟ್ ಜಾಲಾಡಿದೆ. ಜಗತ್ತಿನಲ್ಲಿ ಎಷ್ಟು ಜನ ಮಾಲತಿಯರಿದ್ದಾರೆಂದು ತಿಳಿಯಿತು, ಅಷ್ಟೇ. ಹನ್ನೊಂದನೆಯ ದಿನ ಗೋದಕ್ಕ ಗಲ್ಲಿಯ ಮೂಲೆಯ ಹೂವಿನವಳನ್ನು ಕೇಳಿದರು. ಸಂಜೆಯೊಳಗೆ ವಿಳಾಸ ಬಂತು. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಹುಡುಗಿಯರ ಹಾಸ್ಟೆಲ್, ಮಾಲತಿ ಅದರ ವಾರ್ಡನ್.

ಬಾಗಿಲನ್ನು ಟೆಂಪೋದಲ್ಲಿ ಹೇರಿ ಗೋದಕ್ಕನನ್ನು ಡ್ರೈವರ್ ಪಕ್ಕ ಕೂರಿಸಿಕೊಂಡು ಹೋದೆ. ಮಾಲತಿ ತೆಲುಗಿನಲ್ಲಿ ಹುಡುಗಿಯರನ್ನು ಗದರುತ್ತಿದ್ದವರು ಗೋದಕ್ಕನನ್ನು ಕಂಡದ್ದೇ ಕನ್ನಡದಲ್ಲಿ ಅತ್ತರು. ಆಮೇಲೆ ಬಾಗಿಲನ್ನು ಮುಟ್ಟಿ, ಹಿಂದೆ ಮುಂದೆ ನೋಡಿ, ಮೆಲ್ಲಗೆ ಹೇಳಿದರು. “ವೈನೀ, ಇದು ನಮ್ಮ ಬಾಗಿಲ ಅಲ್ರಿ. ಇದಕ್ಕ ಚಿಲಕ ಐತಿ. ನಸುಕಿನ್ಯಾಗ ಕಲಿಯಾಕ ಬರೋ ಹುಡುಗರು ಬಾಗಿಲ ಬಡದು ಗಲ್ಲಿ ಎಬ್ಬಸ್ತಾರಂತ ಅಪ್ಪ ನಮ್ಮ ಚಿಲಕ ಕಿತ್ತಿ ಹಾಕಿದ್ದ.”

ಗೋದಕ್ಕ ಕುರ್ಚಿಯಲ್ಲಿ ಕುಸಿದರು. ಆಮೇಲೆ ಹಣೆ ಚಚ್ಚಿಕೊಂಡು, “ನಿನ್ನ ಮದುವಿ,” ಎಂದರು. ಆ ಮನೆಯಲ್ಲಿ ಯಾರ ಮದುವೆಯಾದರೂ ಎಲ್ಲ ಖೋಲಿಗಳ ಬಾಗಿಲು ಎತ್ತಿ ತೆಗೆದು, ತೊಳೆದು, ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ಹಾಸಿ, ಅದರ ಮೇಲೆ ಬೂಂದಿ ಹರವಿ ಉಂಡೆ ಕಟ್ಟುವುದು ಪದ್ಧತಿ. ಮಾಲತಿಯ ಮದುವೆಯೇ ಅಲ್ಲಿನ ಕೊನೆಯ ಮದುವೆ. ಮರುದಿನ ದಣಿದ ಜನ ಕೈಗೆ ಸಿಕ್ಕ ಬಾಗಿಲನ್ನು ಸಿಕ್ಕ ಚೌಕಟ್ಟಿಗೆ ಏರಿಸಿದ್ದರು. ಎಂದರೆ ಈಗ ಎಲ್ಲರಿಗೂ ಹೋದದ್ದು ಯಾರದೋ ಬಾಗಿಲು. ಕಂಪೌಂಡರ್ ಮಕ್ಕಳಂತೂ ಆಗಲೇ ಕಪಾಟು ಮಾಡಿಸಿಕೊಂಡಿದ್ದರು.

“ಎಲ್ಲಾ ಕಲಸಿಬಿಟ್ಟೆನವ್ವಾ,” ಎಂದರು ಗೋದಕ್ಕ.

ಮಾಲತಿ ಕಣ್ಣೊರೆಸಿಕೊಂಡು ನಕ್ಕರು. “ಇರಲಿ ಬಿಡ್ರಿ. ನನ್ನ ಮದುವಿ ಬೂಂದಿ ಆರೂ ಬಾಗಿಲ ಮ್ಯಾಲೆ ಹರವಿತ್ತು. ಯಾವುದು ಬಂದ್ರೂ ನಂದ.”

ಹಿಂತಿರುಗಿದವರು ಉಳಿದ ಬಾಗಿಲುಗಳನ್ನು ನೋಡಿದೆವು. ಚಿಲಕವಿಲ್ಲದ್ದು ಇದ್ದದ್ದು ಗೋದಕ್ಕನ ಸ್ವಂತ ಖೋಲಿಗೆ. “ಚಿಲಕ ಬಿದ್ದು ಹೋಗಿರಬೇಕು ಅಂದ್ಕೊಂಡಿದ್ದೆ,” ಎಂದರು. “ಮನಿ ತುಂಬ ಮಂದಿ ಇರಾಗ ಚಿಲಕ ಯಾಕ ಬೇಕಿತ್ತು?” ಹೊರಡುವ ದಿನ ಅದನ್ನು ನನಗೇ ಕೊಟ್ಟರು. ಮಾಸ್ತರ್ ಖೋಲಿಯಲ್ಲಿ ಕೊನೆಗೆ ಬಾಳಿದವಳು ನಾನೇ ಎಂಬ ಲೆಕ್ಕ. ಮುಂದೆ ನಾಲ್ಕು ಬಾಡಿಗೆ ಮನೆಗಳಲ್ಲಿ ಅದು ನನ್ನ ಮಂಚದ ಕೆಳಗೆ ಮಲಗಿತು. ಈಗ ಸ್ವಂತ ಮನೆಯಾಗಿದೆ, ಬಾಗಿಲು ಎದ್ದು ನಿಂತಿದೆ.

ಗೋದಕ್ಕನ ಫ್ಲಾಟಿಗೆ ಫೋನು ಮಾಡಿದೆ. ಎತ್ತಿದ್ದು ಹೋದ ತಿಂಗಳು ಮದುವೆಯಾಗಿ ಆ ಮನೆ ಸೇರಿದ, ಮೊಮ್ಮಗನ ಹೆಂಡತಿ. ನನ್ನನ್ನು ಆಕೆ ನೋಡಿಲ್ಲ.

“ಅಜ್ಜಿ ಮಲಗ್ಯಾರ್ರಿ, ಮೈಸೂರಾಕಿ ಖೋಲ್ಯಾಗ. ಎಬ್ಬಸ್ಲೇನ್ರಿ?”

ನಾನು ಆ ಫ್ಲಾಟಿನಲ್ಲಿ ಒಂದು ರಾತ್ರಿಯೂ ಕಳೆದವಳಲ್ಲ. ಯಾವ ಮೈಸೂರಾಕಿ ಎಂದು ಕೇಳಿದೆ.

“ನನಗೂ ಗೊತ್ತಿಲ್ರಿ. ಹಿಂದ ಹಳೀ ಮನ್ಯಾಗ ಇದ್ದು ಹೋದಾಕಿ ಅಂತ. ಅಜ್ಜಿ ಆ ಖೋಲಿಗೆ ಹಂಗ ಅಂತಾರ, ನಾವೂ ಹಂಗ ಅಂತೀವಿ.”

ಎಬ್ಬಿಸಬೇಡಿ, ಸಂಜೆ ಮಾಡುತ್ತೇನೆ ಎಂದು ಫೋನಿಟ್ಟೆ. ಬಡಗಿ ಚೀಲದಿಂದ ಹೊಳೆಯುವ ಹಿತ್ತಾಳೆಯ ಚಿಲಕ ತೆಗೆದು ಬಾಗಿಲಿಗೆ ಅಳತೆ ಹಿಡಿದು ಕಾಯುತ್ತಿದ್ದ. ಬೇಡ, ಹಾಗೇ ಇರಲಿ ಎಂದೆ.