ಸುಣ್ಣದ ಗೋಡೆಗೆ ಅಂಟಿಸಿದ ಮರ

ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಿಕೊಂಡು ಯಾರೇ ಬರಲಿ, ನಮ್ಮತ್ತೆ ಅವರ ಜಾತಿ, ಕೆಲಸ, ಊಟದ ಅಭ್ಯಾಸ ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ ಕೊನೆಗೆ ಒಂದು ಮಾತು ಹೇಳುತ್ತಿದ್ದರು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕ್ಯಾಲೆಂಡರಿಗೂ ಇಲ್ಲ, ದೇವರ ಪಟಕ್ಕೂ ಇಲ್ಲ. ಮಾವನವರ ತಂದೆ ಕಟ್ಟಿಸಿದ ಮನೆ, ಗಾರೆ ಗೋಡೆ, ವರ್ಷಕ್ಕೊಮ್ಮೆ ಸುಣ್ಣ. ಒಂದು ಮೊಳೆ ಹೊಡೆದರೆ ಅಂಗೈಯಗಲ ಗಾರೆ ಉದುರುತ್ತಿದ್ದುದು ನಿಜ. ಆದರೆ ಅತ್ತೆ ಆ ಗೋಡೆಗಳನ್ನು ಕಾಪಾಡಿದಷ್ಟು ಮುತುವರ್ಜಿಯಿಂದ ಒಳಗಿನ ಮನುಷ್ಯರನ್ನು ಕಾಪಾಡಿದ್ದನ್ನು ನಾನು ಕಾಣೆ. ಬಾಡಿಗೆಯವರ ದೇವರುಗಳೆಲ್ಲ ಗೂಡಿನಲ್ಲಿ ಗೋಡೆಗೆ ಒರಗಿ, ಬಸ್ಸಿಗೆ ಕಾಯುವವರ ಹಾಗೆ ನಿಂತಿರುತ್ತಿದ್ದರು.

ನಾನು ಆ ಮನೆಯ ಸೊಸೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಯಾರಿಗೆ ಪರಿಚಯ ಮಾಡಿಕೊಡುವಾಗಲೂ ಹೆಸರಿಗಿಂತ ಮುಂಚೆ ಇದನ್ನೇ ಹೇಳುತ್ತಿದ್ದರು. ಬೀದಿಯವರು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು; ಸೀಮಂತಕ್ಕೆ, ನಾಮಕರಣಕ್ಕೆ ಕರೆಯಲು ಮರೆಯುತ್ತಿದ್ದರು. ಅತ್ತೆ ನನ್ನನ್ನು ಬಯ್ಯುತ್ತಿರಲಿಲ್ಲ. ತೊಟ್ಟಿಲ ಶಾಸ್ತ್ರದ ಮನೆಗೆ ಹೊರಡುವಾಗ, ನೀನು ಮನೆ ನೋಡಿಕೊ ಎನ್ನುತ್ತಿದ್ದರು, ಅಷ್ಟೆ. ಹನ್ನೊಂದು ವರ್ಷ ಮನೆ ನೋಡಿಕೊಂಡೆ.

ಬೆಂಗಳೂರಿಗೆ ಮಾಲ್‌ಗಳು ಹೊಸದಾಗಿ ಬಂದಿದ್ದ ದಿನಗಳಲ್ಲಿ ಮಹಡಿಗೆ ಒಂದು ಜೋಡಿ ಬಂತು. ಗಂಡನಿಗೆ ಗಾಂಧಿನಗರದ ಸಿನಿಮಾ ಹಂಚಿಕೆದಾರರೊಬ್ಬರ ಆಫೀಸಿನಲ್ಲಿ ಕೆಲಸ. ಹುಡುಗಿ ಚಿತ್ರದುರ್ಗದ ಕಡೆಯವಳು, ಎರಡನೆಯ ದಿನದಿಂದಲೇ ನನ್ನನ್ನು ಅಕ್ಕ ಎಂದು ಕರೆದಳು. ಆಗಲೇ ಬಸುರಿ. ಆರು ತಿಂಗಳಾಗುವಷ್ಟರಲ್ಲಿ ಏನೋ ತೊಂದರೆ ಕಾಣಿಸಿ, ಹೆರಿಗೆಯವರೆಗೆ ಮಲಗಿಯೇ ಇರಬೇಕು, ಬಸ್ಸು ಕಾರು ಹತ್ತಲೇಬಾರದು ಎಂದು ಡಾಕ್ಟರು ಹೇಳಿದರು. ಹಾಗಾಗಿ ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಹೋಗುವ ಬದಲು, ಅವಳ ತಾಯಿಯೇ ಎಂಟನೇ ತಿಂಗಳಿಗೆ ಇಲ್ಲಿಗೆ ಬರುವುದೆಂದಾಯಿತು. ಅಲ್ಲಿಯವರೆಗೆ ಮಧ್ಯಾಹ್ನದ ಹೊತ್ತು ಅವಳ ಜೊತೆಗೆ ನಾನಿರುತ್ತಿದ್ದೆ.

ಒಂದು ದಿನ ಅವಳ ಗಂಡ ಉದ್ದದ ಸುರುಳಿಯೊಂದನ್ನು ತಂದುಕೊಟ್ಟ. ಗೋಡೆಗೆ ಅಂಟಿಸುವ ಸ್ಟಿಕ್ಕರುಗಳು. ಕಂದು ಬಣ್ಣದ ಕಾಂಡ, ನಾಲ್ಕು ಕೊಂಬೆ, ಬಿಡಿ ಬಿಡಿಯಾಗಿ ರಾಶಿ ಎಲೆಗಳು. ಬೇಡವಾದಾಗ ಕಲೆಯಿಲ್ಲದೆ ಕೀಳಬಹುದು ಎಂದು ಪೊಟ್ಟಣದ ಮೇಲೆ ಬರೆದಿತ್ತು. ಮಗು ಮಲಗುವ ಚಿಕ್ಕ ಕೋಣೆಗೆ ಮರವೊಂದು ಬೇಕೆಂದು ಹುಡುಗಿಯ ಆಸೆ. ಮೊಳೆಯ ಮಾತೇ ಇಲ್ಲವಲ್ಲ, ಅಮ್ಮಾವ್ರು ಏನೂ ಅನ್ನುವುದಿಲ್ಲ ಎಂದು ನಕ್ಕಳು.

ಗಂಡ ಭಾನುವಾರ ಅಂಟಿಸಿದ ಮರ ಸೋಮವಾರ ಬೆಳಿಗ್ಗೆ ನೆಲದ ಮೇಲಿತ್ತು. ಪೇಂಟು ಕಂಡ ಗೋಡೆಗೆ ಮಾಡಿದ ಸ್ಟಿಕ್ಕರು, ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುವ ಸುಣ್ಣದ ಮೇಲೆ ಹೇಗೆ ನಿಂತೀತು? ಎಲೆಗಳ ಬೆನ್ನೆಲ್ಲ ಹಿಟ್ಟಿನಲ್ಲಿ ಹೊರಳಿಸಿದ ಚಪಾತಿಯ ಹಾಗಾಗಿತ್ತು. ಹುಡುಗಿ ಅಷ್ಟಕ್ಕೇ ಅತ್ತಳು. ನನಗೆ ಆ ಗೋಡೆಗಳ ಮರ್ಮ ಗೊತ್ತಿತ್ತು. ಬಡಗಿಗಳು ಬಳಸುವ ಬಿಳಿ ಗೋಂದನ್ನು ನೀರಿಗೆ ಕಲಸಿ ಗೋಡೆಗೆ ಎರಡು ಕೋಟು ಬಳಿದೆ. ಒಣಗಿದ ಮೇಲೆ ಎಲೆಗಳ ಬೆನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದಕ್ಕೂ ಗೋಂದು ಸವರಿದೆ. ಇನ್ನು ಕೀಳಲು ಬರುವುದಿಲ್ಲ ಎಂದು ಆಗಲೇ ಹೇಳಿದೆ. ಯಾಕೆ ಕೀಳಬೇಕು ಅಕ್ಕ ಎಂದಳು.

ನಾಲ್ಕು ಮಧ್ಯಾಹ್ನ ಹಿಡಿಯಿತು. ಅವಳು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ಬೆರಳು ತೋರಿಸುವಳು, ಸ್ವಲ್ಪ ಕೆಳಗೆ, ಇನ್ನೊಂಚೂರು ಈಚೆಗೆ. ನಾನು ಸ್ಟೂಲಿನ ಮೇಲೆ ನಿಂತು ಒಂದೊಂದೇ ಎಲೆ ಅಂಟಿಸಿ ಅಂಗೈಯಿಂದ ಒತ್ತುವೆ. ತೊಟ್ಟಿಲು ಬರುವ ಜಾಗದ ಮೇಲಕ್ಕೆ ಒಂದು ಕೊಂಬೆಯನ್ನು ಬಾಗಿಸಿದ್ದು ನನ್ನ ಯೋಚನೆ. ಆ ಮನೆಯಲ್ಲಿ ನಾನು ಅಷ್ಟು ಸಂತೋಷವಾಗಿದ್ದುದು ಅದೇ ಮೊದಲು, ಅದೇ ಕೊನೆ. ಅತ್ತೆ ಒಮ್ಮೆ ಹತ್ತಿ ಬಂದು ಗೋಡೆಯುದ್ದಕ್ಕೂ ಕೈಯಾಡಿಸಿ ಮೊಳೆ ಹುಡುಕಿದರು. ಸಿಗಲಿಲ್ಲ, ಇಳಿದು ಹೋದರು.

ಎಂಟನೇ ತಿಂಗಳಲ್ಲಿ ಹುಡುಗಿಯ ತಾಯಿ ಬಂದರು. ಎರಡು ದಿನ ನನ್ನೊಡನೆ ಬಾಯ್ತುಂಬ ಮಾತಾಡಿದರು, ಚಟ್ನಿಪುಡಿ ಕೊಟ್ಟರು. ಮರ ಅಂಟಿಸಿದ್ದು ಯಾರು, ಅವರಿಗೆ ಮಕ್ಕಳೆಷ್ಟು ಎಂದು ಮಗಳನ್ನು ಕೇಳಿರಬೇಕು. ಮೂರನೆಯ ದಿನ ಮಧ್ಯಾಹ್ನ ಮೇಲಿನಿಂದ ಕೆರೆಯುವ ಸದ್ದು ಕೇಳಿ ಹತ್ತಿ ಹೋದೆ. ಆಕೆ ದೋಸೆ ಮಗುಚುವ ಕಬ್ಬಿಣದ ಕೈಯಲ್ಲಿ ಎಲೆಗಳನ್ನು ಎಬ್ಬುತ್ತಿದ್ದರು. ಗೋಂದು ಕುಡಿದ ಎಲೆ ಬರಿದೇ ಬರುತ್ತದೆಯೇ? ಒಂದೊಂದು ಎಲೆಯೂ ಗಾರೆಯನ್ನು ಕಚ್ಚಿಕೊಂಡೇ ಬೀಳುತ್ತಿತ್ತು. ಆಗಲೇ ಅರ್ಧ ಗೋಡೆಯ ಇಟ್ಟಿಗೆ ಕಾಣುತ್ತಿತ್ತು. ಹುಡುಗಿ ಚಾಪೆಯ ಮೇಲೆ ಕೂತು ನೆಲ ನೋಡುತ್ತಿದ್ದಳು.

ತಾಯಿ ಕೈ ನಿಲ್ಲಿಸಿ ಮೆತ್ತಗೆ ಹೇಳಿದರು: "ತಪ್ಪು ತಿಳ್ಕಬೇಡ್ರಮ್ಮ. ಮಕ್ಕಳಾಗ್ದೇ ಇರೋರು ಕೈಯಾರೆ ಮಾಡಿದ್ದು ಹಸುಗೂಸಿನ ತಲೆ ಮೇಲೆ ಇರಬಾರ್ದು."

ನಾನು ಹುಡುಗಿಯನ್ನು ನೋಡಿದೆ. ಬಿಡಮ್ಮ ಎಂಬ ಒಂದು ಮಾತು ಅವಳ ಬಾಯಿಂದ ಬಂದಿದ್ದರೆ ಸಾಕಿತ್ತು. ಅವಳು ತಲೆ ಎತ್ತಲಿಲ್ಲ.

ಬೀದಿಯವರೆಲ್ಲ ಸೇರಿ ಹನ್ನೊಂದು ವರ್ಷ ಆಡಿದ್ದನ್ನು ನುಂಗಿಕೊಂಡಿದ್ದ ನನಗೆ ಅವಳ ಸುಮ್ಮನಿರುವಿಕೆಯನ್ನು ನುಂಗಲಾಗಲಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿದ್ದೆ. ತಾಯಿ ಆಡಿದ ಮಾತನ್ನು ಅತ್ತೆಗೆ ಹೇಳಲಿಲ್ಲ. ಮಹಡಿಯವರು ಗೋಡೆ ಕಿತ್ತುಹಾಕಿದ್ದಾರೆ ಎಂದಷ್ಟೇ ಹೇಳಿದೆ.

ಅತ್ತೆ ಮಂಡಿನೋವು ಮರೆತು ಮೆಟ್ಟಿಲು ಹತ್ತಿದರು. ಇಟ್ಟಿಗೆ ನೋಡಿದರು, ಬಿದ್ದ ಗಾರೆಯ ತುಂಡೊಂದನ್ನು ಎತ್ತಿ ಬೆರಳಲ್ಲಿ ಉಜ್ಜಿದರು. ಗೋಂದು ಹಾಕಿದ್ದು ಯಾರು ಎಂದು ಕೇಳಿದರು. ನಾನು ಅವರ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದೆ. ಈಗ ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಬಾಯಿ ಬಿಡಲಿಲ್ಲ.

"ನಾನೇ" ಎಂದಳು.

ತಾಯಿ ಏನೋ ಹೇಳಹೊರಟವರು, ಮಗಳು ಕೈ ಅಮುಕಿದ್ದಕ್ಕೆ ಸುಮ್ಮನಾದರು. ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕೆಂದು ಹೇಳಿ ಅತ್ತೆ ಇಳಿದರು. ಸಂಜೆ ಹುಡುಗಿಯ ಗಂಡ ಬಂದು ಕೈಮುಗಿದು ನಿಂತ. ಗೋಡೆ ಸರಿ ಮಾಡಿಸಿಕೊಡುತ್ತೇನೆ ಎಂದ, ಡಾಕ್ಟರು ಹೇಳಿದ್ದನ್ನು ಹೇಳಿದ, ತಾಯಿ ಮಗು ಇಬ್ಬರಿಗೂ ಅಪಾಯ ಎಂದ. ಅತ್ತೆಯ ನಿಯಮಕ್ಕೆ ಮಾಫಿ ಎಂಬುದಿರಲಿಲ್ಲ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಎಲ್ಲ ಕೇಳಿಸಿಕೊಂಡೆ. ಎದ್ದು ಬಂದು ಗೋಂದು ನನ್ನದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಬುಟ್ಟಿಯ ಹುರುಳಿಕಾಯಿಯೆಲ್ಲ ಮುಗಿಸಿದೆ.

ಎಂಟು ತಿಂಗಳ ಬಸುರಿಯನ್ನು ಕರೆದುಕೊಂಡು ಹೋದರೆ ಯಾರು ಮನೆ ಕೊಡುತ್ತಾರೆ? ಬಸುರಿ ಇರುವವರು ಹೊಸ ಮನೆಯಲ್ಲಿ ಹಾಲುಕ್ಕಿಸಬಾರದು ಎಂಬುದು ನಮ್ಮ ಕಡೆಯ ಓನರುಗಳಿಗೆಲ್ಲ ಬಾಯಿಪಾಠ. ಆತ ಬಸವನಗುಡಿ, ವಿಶ್ವೇಶ್ವರಪುರಂ ಎಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಕೊನೆಗೆ, ಕಾರಿನಲ್ಲಿ ಮಲಗಿಸಿಕೊಂಡು ನಿಧಾನವಾಗಿ ಚಿತ್ರದುರ್ಗಕ್ಕೇ ಹೋಗುವುದೆಂದಾಯಿತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಊಟಕ್ಕೆ ಬಡಿಸುವಾಗ, ಆ ಹೆಂಗಸು ನನ್ನ ಬಗ್ಗೆ ಏನೆಂದಳೆಂಬುದನ್ನು ಅತ್ತೆಗೆ ಹೇಳಿಬಿಟ್ಟೆ. ನನ್ನ ಪರವಾಗಿ ಒಂದು ಮಾತು ಆಡಲಿ ಎಂಬ ಆಸೆ ಇತ್ತು, ನಾಚಿಕೆಗೇಡು.

"ಆಯಮ್ಮ ಹೇಳಿದ್ರಲ್ಲಿ ತಪ್ಪೇನಿದೆ? ಗೋಡೆ ಕೆಡಿಸಿದ್ದು ತಪ್ಪು" ಎಂದ ಅತ್ತೆ, ಇನ್ನೊಂದು ಸೌಟು ಸಾರು ಕೇಳಿದರು.

ಹೊರಡುವ ಬೆಳಿಗ್ಗೆ ಹುಡುಗಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ತಾಯಿ ಮತ್ತು ಗಂಡ ಕಾರಿಗೆ ಗಂಟುಮೂಟೆ ತುಂಬುತ್ತಿದ್ದರು. ಅವಳು ನನ್ನ ಹತ್ತಿರ ಬಂದು ನಿಂತಳು. ಮುಖ ಬಿಳಚಿಕೊಂಡಿತ್ತು.

"ಗೋಂದಿನ ವಿಷ್ಯ ನಾನು ಯಾರಿಗೂ ಹೇಳಲ್ಲ ಅಕ್ಕ. ನಂಗೆ ಹೋಗೋಕೆ ಅಮ್ಮನ ಮನೆ ಇದೆ. ನೀವು ಇಲ್ಲೇ ಇರ್ಬೇಕಲ್ಲ" ಎಂದಳು.

ಅವಳು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಕಂಡು ಮರುಗಿದಳಲ್ಲ, ಅದನ್ನು ನಾನು ಕ್ಷಮಿಸಲಿಲ್ಲ. ದಾರಿಯಲ್ಲಿ ಹುಷಾರು ಎಂದು ಹೇಳಿ ಒಳಗೆ ಬಂದೆ.

ಗಾರೆಯವನು ಎರಡು ದಿನದಲ್ಲಿ ಗೋಡೆ ಸರಿಮಾಡಿದ. ಹೊಸ ಸುಣ್ಣವಾಯಿತು, ಹೊಸ ಬಾಡಿಗೆಯವರು ಬಂದರು. ಹುಡುಗಿಯ ಗಂಡನ ನಂಬರು ಫೋನಿನ ಪಕ್ಕದ ಡೈರಿಯಲ್ಲಿತ್ತು. ಕೆಲವು ತಿಂಗಳಾದ ಮೇಲೆ ಅತ್ತೆಯೇ ಕೇಳಿದರು, ಆ ಹುಡುಗಿಗೆ ಏನು ಮಗುವಂತೆ, ಚೆನ್ನಾಗಿದ್ದಾರಂತಾ, ಒಂದು ಫೋನು ಮಾಡಿ ಕೇಳಬಾರದಾ ಎಂದು. ಮಾಡುತ್ತೇನೆ ಎಂದೆ. ಮಾಡಲಿಲ್ಲ. ಕೆಟ್ಟ ಸುದ್ದಿ ಕೇಳಬೇಕಾದೀತೆಂಬ ಹೆದರಿಕೆಯಿಂದ ಮಾಡಲಿಲ್ಲವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನಾನು ಹೆದರಿದ್ದು ಒಳ್ಳೆಯ ಸುದ್ದಿಗೆ.