ಆರ್ಡರ್ ಹೆಚ್ಚಿದರೂ ಬಿದ್ದ ಷೇರು

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಚಿಪ್‌ಗಳಿಗೆ ಮೂಲವಾದ ಅರೆವಾಹಕಗಳ ಪಾಠ ಪ್ರತಿವರ್ಷವೂ ನನ್ನದೇ. ಅದೊಂದೇ ಧೈರ್ಯದ ಮೇಲೆ, ಚಿಪ್ ತಯಾರಿಸುವ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಯೊಂದರ ಷೇರು ಕೊಂಡಿದ್ದೆ. ನಿಪ್ಪಾಣಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕನೂ ತನ್ನ ಉಳಿತಾಯವನ್ನು ನನ್ನ ಕೈಗಿಟ್ಟು, "ನಿನಗ ತಿಳೀತೈತಿ, ನನಗೂ ತಗೋ" ಎಂದಿದ್ದಳು. ಅವಳ ಪಾಲೂ ನನ್ನ ಖಾತೆಯಲ್ಲೇ ಇತ್ತು.

ಆ ಯಂತ್ರಗಳನ್ನು ಕಟ್ಟುವ ವಿದೇಶಿ ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮಗೆ ಬಂದ ಹೊಸ ಆರ್ಡರುಗಳ ಲೆಕ್ಕ ಹೇಳುತ್ತವೆ. ಅದನ್ನು ನೋಡಿ ನಮ್ಮ ಷೇರು ಏಳುತ್ತದೆ, ಬೀಳುತ್ತದೆ. ಆ ಸಲ ಆರ್ಡರುಗಳು ಹಿಂದಿಗಿಂತ ಹೆಚ್ಚಿದ್ದವು. ಖುಷಿಯಿಂದ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಹಾ ತರಿಸಿದೆ. ಚಹಾ ಮುಗಿಯುವುದರೊಳಗೆ ಷೇರು ಕುಸಿಯತೊಡಗಿತ್ತು.

ಸಂಜೆ ಅಕ್ಕ ಫೋನ್ ಮಾಡಿದಳು.

"ಆರ್ಡರ್ ಹೆಚ್ಚಾಗ್ಯಾವ ಅಂದಿ. ಮತ್ತ ಯಾಕ ಬಿದ್ದೈತಿ?"

"ಹೂಡಿಕೆದಾರರು ಇನ್ನೂ ಹೆಚ್ಚಿಗಿ ಬರತಾವ ಅನ್ಕೊಂಡಿದ್ರು ಅಕ್ಕಾ. ಅಷ್ಟು ಬರಲಿಲ್ಲ."

"ದೀಪಾವಳಿಗೆ ನನಗ ಹತ್ತು ಬ್ಲೌಸ್ ಹೆಚ್ಚಿಗಿ ಬಂದ್ರ, ಇಪ್ಪತ್ತು ಯಾಕ ಬರಲಿಲ್ಲ ಅಂತ ಮಷೀನ್ ಮಾರತೀನೇನು?"

ವಾರವಿಡೀ ಪಾಠದ ನಡುವೆಯೂ ಫೋನ್ ನೋಡಿದೆ. ಟಿವಿಯ ಪರಿಣತರು ದಿನಕ್ಕೊಂದು ಕಾರಣ ಹೇಳಿದರು. ಕೊನೆಗೆ ರೇಗಿಹೋಗಿ, ಕಾಲೇಜಿನ ಮೆಟ್ಟಿಲ ಮೇಲೆ ನಿಂತೇ ಎಲ್ಲವನ್ನೂ ಮಾರಿದೆ. ಅಕ್ಕನದನ್ನೂ. ಅವಳನ್ನು ಕೇಳಲಿಲ್ಲ.

ಮುಂದಿನ ಲೆಕ್ಕ ಬಂದಾಗ ಆರ್ಡರುಗಳು ಇಳಿದಿದ್ದವು. ಮಾರಿದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಆದರೆ ಷೇರು ಜಿಗಿಯಿತು! ಇನ್ನೂ ಕೆಳಗಿಳಿಯುತ್ತದೆಂದು ಎಲ್ಲರೂ ಹೆದರಿದ್ದರಂತೆ. ಅಷ್ಟು ಇಳಿಯಲಿಲ್ಲವೆಂದು ಈ ಸಂಭ್ರಮ. ತಲೆ ಚಚ್ಚಿಕೊಳ್ಳುವಂತಾಯಿತು.

ಭಾನುವಾರ ಬಸ್ಸು ಹಿಡಿದು ನಿಪ್ಪಾಣಿಗೆ ಹೋದೆ. ಅಕ್ಕ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಮಾರಿದ ಸಂಗತಿ ಹೇಳಿದೆ. ಅವಳ ಕೈ ನಿಂತಿತು.

"ಲುಕ್ಸಾನಾದದ್ದಕ್ಕ ಸಿಟ್ಟಿಲ್ಲ ತಮ್ಮಾ. ನನ್ನ ಒಂದ ಮಾತ ಕೇಳಬೇಕಿತ್ತಿಲ್ಲೋ?"

"ಕೇಳಿದ್ರ ಏನಂತಿದ್ದಿ?"

"ಮಾರಬ್ಯಾಡ ಅಂತಿದ್ದೆ. ನನಗೇನ ಅವಸರ ಇತ್ತು?"

ತಪ್ಪಾಯಿತು ಎಂದೆ. ಅವಳು ಊಟಕ್ಕೆ ಬಡಿಸಿ, ಮತ್ತೆ ಹುಕ್ಕು ಹಚ್ಚಲು ಕೂತಳು.

ಅವಳ ಪಾಲಿನಲ್ಲಿ ಉಳಿದ ಹಣವನ್ನು ಮರಳಿಸಿದೆ. ಈಗ ಅವಳದೇ ಖಾತೆ ಇದೆ. ಅದೇ ಷೇರನ್ನು, ನಾನು ಮಾರಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಕೊಂಡಿದ್ದಾಳೆ. ಲೆಕ್ಕ ಬರುವ ದಿನ ನನಗೆ ಫೋನ್ ಮಾಡುವುದಿಲ್ಲ. ನಾನಾಗಿ ಮಾಡಿದರೆ, "ಕೆಲಸದಾಗ ಅದೀನಿ, ಆಮ್ಯಾಲ ಮಾಡು" ಎನ್ನುತ್ತಾಳೆ. ನಾನು ಮಾತ್ರ ಒಂದೂ ಷೇರಿಲ್ಲದಿದ್ದರೂ ಆ ಆರ್ಡರುಗಳ ಸುದ್ದಿ ಹುಡುಕಿ ಓದುತ್ತೇನೆ, ಓದಿ ಸಿಟ್ಟಾಗುತ್ತೇನೆ.