ಜೋಗದ ಗೋಳಿಬಜೆ

ಪಾಣೆಮಂಗಳೂರಿನ ನಮ್ಮ ಡ್ರಾಯಿಂಗ್ ಮಾಷ್ಟ್ರು ನಿವೃತ್ತರಾದ ಮೇಲೆ ಊರವರ ಹಳೆಯ ಪ್ರವಾಸದ ಕಪ್ಪುಬಿಳುಪು ಫೋಟೊಗಳಿಗೆ ಬಣ್ಣ ಹಚ್ಚುತ್ತಿದ್ದರು. ಸೀರೆ ಯಾವ ಬಣ್ಣದ್ದೆಂದು ಕೇಳುತ್ತಿರಲಿಲ್ಲ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಾ, "ಅಲ್ಲಿ ಎಂತ ತಿಂದಿರಿ?" ಎನ್ನುತ್ತಿದ್ದರು. ಮಿಕ್ಕ ನೆನಪೆಲ್ಲ ಅದರ ಹಿಂದೆಯೇ ಬರುತ್ತಿತ್ತು.

ಮದುವೆಯಾದ ಹೊಸತರಲ್ಲಿ ಅಪ್ಪನೊಂದಿಗೆ ಜೋಗಕ್ಕೆ ಹೋದಾಗಿನ ಫೋಟೊವನ್ನು ಅಮ್ಮ ಅವರಿಗೆ ಕೊಟ್ಟಳು. ಅದರಲ್ಲಿ ಅವಳು ಮುಖ ಊದಿಸಿಕೊಂಡು ನಿಂತಿದ್ದಳು.

"ನಾನೆಂತ ತಿನ್ನುವುದು ಮಾಷ್ಟ್ರೇ? ಗೋಳಿಬಜೆಯ ಕಟ್ಟು ಪೂರ್ತಿ ಖಾಲಿ ಮಾಡಿದ್ದು ಇವರೇ!"

ವಾರ ಕಳೆದು ಫೋಟೊ ಬಂತು. ಜಲಪಾತ ಇದ್ದ ಹಾಗೇ ಇತ್ತು. ಖಾಲಿಯಿದ್ದ ಅಮ್ಮನ ಕೈಯಲ್ಲಿ ಮಾತ್ರ ಹೊಂಬಣ್ಣದ ಒಂದು ಗೋಳಿಬಜೆ. ಅಮ್ಮ ನಕ್ಕು ನಕ್ಕು ಸುಸ್ತಾದಳು.

ಅಪ್ಪ ಕನ್ನಡಕ ಏರಿಸಿ ದಿಟ್ಟಿಸಿದರು.

"ನೋಡು, ನಿನಗೂ ಕೊಟ್ಟಿದ್ದೆ! ಇಷ್ಟು ವರ್ಷ ಸುಮ್ಮನೆ ಬೈದದ್ದು."